ಆಭಾರದ ಪುಟ ಮತ್ತು ಎರಡು ಗಂಟೆಯ ಬಸ್ಸು

ಗೆಳೆಯರೇ, ನಗು ಇನ್ನೂ ನಿಂತಿಲ್ಲ. ನಮ್ಮ ಶಾಲೆಯ ಗ್ಯಾದರಿಂಗಿನ, ಅಂದರೆ ವಾರ್ಷಿಕೋತ್ಸವದ, ಸಂಚಿಕೆ ಇಂದು ಎರಡು ಗಂಟೆಯ ಬಸ್ಸಿಗೆ ಸಾಂಗ್ಲಿಯ ಮುದ್ರಣಾಲಯಕ್ಕೆ ಹೋಗಲೇಬೇಕಿತ್ತು. ಇಡೀ ಸಂಚಿಕೆ ಎಲ್ಲ ಕೋಣೆಗಳಿಂದಲೂ ತೆರೆಯಬಹುದಾದ ನೆಟ್‌ವರ್ಕಿನ ಡಿಸ್ಕಿನಲ್ಲಿರುವ ಒಂದೇ ದೊಡ್ಡ ಫೈಲು. ಲಿನಕ್ಸ್ ಕಂಪ್ಯೂಟರಿನಲ್ಲಿ ಅದನ್ನು ಚಿತ್ರಗಳ ಜೊತೆ ಒಂದೇ ಫೈಲಾಗಿ ಗಂಟು ಕಟ್ಟಿ ಸಿ.ಡಿ.ಗೆ ಹಾಕಲು ಕುಳಿತರೆ ಪ್ರತಿ ಸಲವೂ ಕಂಪ್ಯೂಟರಿನದು ಒಂದೇ ದೂರು: ಓದುತ್ತಿರುವಾಗಲೇ ಫೈಲು ಬದಲಾಯಿತು!

“ಡಿಸ್ಕ್ ಕೆಟ್ಟೈತ್ರಿ ಬಾಯಾರ,” ಎಂದರು ಕಂಪ್ಯೂಟರ್ ಕಲಿಸುವ ದಸ್ತಗೀರ್ ಸರ್, ಸಂಚಿಕೆಯ ಹೊಣೆ ಹೊತ್ತ ಟೀಚರಾದ ನನಗೆ.

ಕೆಟ್ಟಿರಲಿಲ್ಲ. ಪಕ್ಕದ ಕೋಣೆಯಲ್ಲಿ ಹೆಡ್ ಸರ್ ಅದೇ ಫೈಲು ತೆರೆದು, ಚಹಾಕ್ಕೆ ಬಂದವರನ್ನೆಲ್ಲ ಆಭಾರದ ಪುಟಕ್ಕೆ ಸೇರಿಸುತ್ತಿದ್ದರು.

“ಸರ್, ಸಾಕ್ರಿ, ಇನ್ನ ಫೈಲ್ ಮುಚ್ರಿ,” ಎಂದೆ ಅಲ್ಲಿಗೆ ಹೋಗಿ.

“ಎದುರಿಗೆ ಕುಂತವರ ಹೆಸರು ಬಿಡಾಕ ಬರ್ತದೇನ್ರಿ? ಇಲ್ಲೇ ಚಹಾ ಕುಡ್ಯಾಕತ್ತಿರೋ ಯಳವಿ ಮಾಮಾ ಏನ್ ತಿಳ್ಕೋತಾರ?”

ಅಷ್ಟರಲ್ಲಿ ಸಿ.ಡಿ. ಒಯ್ಯಲು ಬಸ್ಸಿನ ಕಂಡಕ್ಟರೇ ಬಂದರು. ಹೆಡ್ ಸರ್ ಕುರ್ಚಿ ತೋರಿಸಿದರು. “ಬರ್ರಿ, ಕುಂದ್ರಿ. ನಿಮ್ಮ ಪೂರ್ತಿ ಹೆಸರು?”

“ಹೆಸರು ಬ್ಯಾಡ್ರಿ ಸರ, ಗಾಡಿ ತುಂಬ ಮಂದಿ ಕಾಯಾಕತ್ತಾರ!”

“ಹಂಗಾದ್ರ ಅವರವೂ ಹೇಳ್ರಿ!”

ದಸ್ತಗೀರ್ ಸರ್ ಓಡಿಬಂದು ಆ ಕೋಣೆಯ ನೆಟ್‌ವರ್ಕ್ ವೈರನ್ನೇ ಕಿತ್ತರು. ಗಂಟು ಒಂದೇ ಸಲಕ್ಕೆ ಕೂಡಿತು. ಹಾರ್ನಿನ ನಡುವೆಯೇ ಸಿ.ಡಿ. ಬಸ್ಸು ಹತ್ತಿತು.

ಸಂಚಿಕೆಯಲ್ಲಿ ನಿಮ್ಮ ಹೆಸರಿಲ್ಲವೆಂದು ಯಾರೂ ಸಿಟ್ಟಾಗಬೇಡಿ. ತಪ್ಪು ನಿಮ್ಮದೇ, ಇವತ್ತು ಚಹಾಕ್ಕೆ ಬರಲಿಲ್ಲ.