ಬೆಳಗಿನ ಕಟ್ಟು, ಸಂಜೆಯ ಕಟ್ಟು

೧೯೯೬ರಲ್ಲಿ ನಾನು ಬಿ.ಸಿ.ರೋಡಿನ ಬಸ್‌ಸ್ಟ್ಯಾಂಡ್ ಎದುರು ಕ್ಲಿನಿಕ್ ನಡೆಸುತ್ತಿದ್ದೆ. ಕನ್ಯಾನದ ಐಸಮ್ಮ ಮೊದಲ ಬಸ್ಸಿಗೆ ಬಂದು ಮೊದಲ ಟೋಕನ್ನನ್ನೇ ಹಿಡಿಯುತ್ತಿದ್ದರು. ಜೊತೆಗೆ ಬೀಡಿ ಕಟ್ಟುವ ಮಗಳು ನಫೀಸಾ. ಸಂಜೆಯಾದರೆ ಬೆರಳು ಮಾತು ಕೇಳುವುದಿಲ್ಲ, ರೆಪ್ಪೆ ಜೋತು ಬೀಳುತ್ತದೆ ಎಂಬುದು ಅವಳ ದೂರು.

ಮೂರು ಸಲ ನೋಡಿದೆ. ಮೂರು ಸಲವೂ ಕೈಯ ಹಿಡಿತ ಗಟ್ಟಿಯಾಗಿಯೇ ಇತ್ತು. ವಿಟಮಿನ್ ಮಾತ್ರೆ ಬರೆದು, "ಸರಿಯಾಗಿ ನಿದ್ದೆ ಮಾಡು" ಎಂದು ಕಳುಹಿಸಿದೆ. ಡಾಕ್ಟರೆಂಬ ಬಿಗುಮಾನ ಆಗ ನನಗೆ ಸ್ವಲ್ಪ ಹೆಚ್ಚೇ ಇತ್ತು.

ನಾಲ್ಕನೇ ಸಲ ಐಸಮ್ಮ ಎರಡು ಕಟ್ಟು ಬೀಡಿ ತಂದು ಮೇಜಿನ ಮೇಲಿಟ್ಟರು.

"ಇದು ನಿನ್ನೆ ಬೆಳಿಗ್ಗೆ ಕಟ್ಟಿದ್ದು, ಇದು ಸಂಜೆಯದ್ದು. ಒತ್ತಿ ನೋಡಿ ಡಾಕ್ಟ್ರೇ. ಎಲೆ ಅದೇ, ಕೈ ಅದೇ. ಇನ್ನೊಮ್ಮೆ ಸಡಿಲ ಬೀಡಿ ತಂದ್ರೆ ಕೆಲಸದ ಕಾರ್ಡು ರದ್ದು ಮಾಡ್ತೇನೆ ಅಂತ ಎಲೆ ಕೊಟ್ಟು ಬೀಡಿ ತಕ್ಕೊಳ್ಳುವ ಬ್ರಾಂಚಿನವ ಹೇಳಿದ್ದಾನೆ. ಇವಳಿಗೆ ಬೇರೆ ಯಾವ ಕೆಲಸ ಉಂಟು?"

ಒತ್ತಿದೆ. ಒಂದು ಗಟ್ಟಿ, ಇನ್ನೊಂದು ಪುಸಕ್ಕನೆ ಒಳಗೆ ಹೋಯಿತು. ನನಗೆ ನಾಚಿಕೆಯಾಯಿತು. ರಾತ್ರಿಯಿಡೀ ವಿಶ್ರಾಂತಿ ಪಡೆದು ಬಂದವಳನ್ನು ಬೆಳಿಗ್ಗೆಯೇ ಪರೀಕ್ಷಿಸಿ ಕಾಯಿಲೆಯೇ ಇಲ್ಲ ಎಂದಿದ್ದೆ!

"ಸಂಜೆವರೆಗೆ ಇಲ್ಲೇ ಕೂತು ಬೀಡಿ ಕಟ್ಟು, ನೋಡುವ" ಎಂದೆ. ಐಸಮ್ಮ ಹತ್ತಿರದ ಪರಿಚಯದವರ ಮನೆಯಿಂದ ಎಲೆ, ಹೊಗೆಸೊಪ್ಪು, ನೂಲು ತಂದರು. ನಾಲ್ಕು ಗಂಟೆಗೆ ನಫೀಸಾಳ ಎಡ ರೆಪ್ಪೆ ಅರ್ಧ ಮುಚ್ಚಿತ್ತು, ಬೆರಳುಗಳು ಸೋತಿದ್ದವು. ಪಕ್ಕದ ಸೋಡಾ ಅಂಗಡಿಯಿಂದ ಐಸ್ ತರಿಸಿ ರೆಪ್ಪೆಯ ಮೇಲೆ ಎರಡು ನಿಮಿಷ ಇಟ್ಟೆ. ಕಣ್ಣು ತೆರೆಯಿತು. ದುಡಿದಷ್ಟೂ ಸ್ನಾಯು ಸೋಲುವ ಕಾಯಿಲೆ, ಮಯಸ್ತೇನಿಯಾ ಗ್ರೇವಿಸ್!

ನರದ ತುದಿ ಸ್ನಾಯುವನ್ನು ಮುಟ್ಟುವುದಿಲ್ಲ. ನಡುವೆ ಸೂಕ್ಷ್ಮ ಅಂತರವಿದೆ. ಈ ಜಾಗವೇ ನ್ಯೂರೋಮಸ್ಕ್ಯುಲರ್ ಜಂಕ್ಷನ್. ನರ ಬಿಡುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಕಡವಿನ ದೋಣಿಯ ಹಾಗೆ ಅಂತರ ದಾಟಿ, ಸ್ನಾಯುವಿನ ದಡದಲ್ಲಿರುವ ರಿಸೆಪ್ಟರ್‌ಗಳನ್ನು ಸೇರಿದರೆ ಮಾತ್ರ ಸ್ನಾಯು ಕೆಲಸ ಮಾಡುತ್ತದೆ. ಈ ಕಾಯಿಲೆಯಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ರಿಸೆಪ್ಟರ್‌ಗಳನ್ನು ಕೆಡಿಸುತ್ತದೆ. ಕೆಲಸ ಮಾಡುತ್ತಾ ಹೋದಂತೆ ನರ ಬಿಡುವ ಅಸಿಟೈಲ್‌ಕೋಲಿನ್ ಕಡಿಮೆಯಾಗಿ, ಉಳಿದ ರಿಸೆಪ್ಟರ್‌ಗಳಿಗೆ ಸಾಲದಾಗುತ್ತದೆ. ಅಸಿಟೈಲ್‌ಕೋಲಿನನ್ನು ಒಡೆಯುವ ಕಿಣ್ವವನ್ನು ಐಸ್ ನಿಧಾನಗೊಳಿಸುವುದರಿಂದ, ಇರುವಷ್ಟು ರಾಸಾಯನಿಕವೇ ಹೆಚ್ಚು ಹೊತ್ತು ಉಳಿದು ಕೆಲಸ ಮಾಡುತ್ತದೆ. ಪಿರಿಡೋಸ್ಟಿಗ್ಮಿನ್ ಮಾತ್ರೆಯೂ ಆ ಕಿಣ್ವವನ್ನೇ ತಡೆಯುತ್ತದೆ.

ಮಂಗಳೂರಿನ ನರರೋಗ ತಜ್ಞರು ಪರೀಕ್ಷಿಸಿ ಖಚಿತಪಡಿಸಿದರು, ಮಾತ್ರೆ ಶುರುವಾಯಿತು. ನಾನು ಬ್ರಾಂಚಿಗೆ ಪತ್ರ ಬರೆದೆ. ಎರಡು ತಿಂಗಳ ಗಡುವು ಸಿಕ್ಕಿತು. ಟೋಕನ್ ಕೊಡುವ ಮೊದಲು "ತೊಂದರೆ ಯಾವ ಹೊತ್ತಿಗೆ ಜಾಸ್ತಿ?" ಎಂದು ಕೇಳಿ, ಆ ಹೊತ್ತಿಗೇ ಬರಹೇಳುವ ಪದ್ಧತಿಯನ್ನು ಕ್ಲಿನಿಕ್ಕಿನಲ್ಲಿ ಆಗಲೇ ತಂದೆ. ರೋಗಿ ಹೇಳುವ ಹೊತ್ತೂ ಒಂದು ರೋಗಲಕ್ಷಣ ಎಂದು ನನಗೆ ಕಲಿಸಿದವರು ಐಸಮ್ಮ.

ಗಡುವು ಮುಗಿದ ಮೇಲೆ ತಾಯಿ ಮಗಳು ಸಂಜೆ ಐದರ ಟೋಕನ್ ಹಿಡಿದು ಬಂದರು.

"ಕಾರ್ಡು ಉಳಿಯಿತು ಡಾಕ್ಟ್ರೇ" ಎಂದರು ಐಸಮ್ಮ. ನಫೀಸಾ ಎರಡು ಕಟ್ಟು ಮೇಜಿನ ಮೇಲಿಟ್ಟು, ಕಣ್ಣರಳಿಸಿ ನಕ್ಕಳು. "ಇದ್ರಲ್ಲಿ ಸಂಜೆಯದ್ದು ಯಾವುದು, ಹೇಳಿ ನೋಡುವ."

ಒತ್ತಿ ಒತ್ತಿ ನೋಡಿದೆ. ಗೊತ್ತಾಗಲಿಲ್ಲ. ಅಷ್ಟು ಸಂತೋಷದಿಂದ ನಾನು ಸೋಲೊಪ್ಪಿಕೊಂಡದ್ದು ವೃತ್ತಿಯಲ್ಲಿ ಅದೊಂದೇ ಸಲ.