ಜೋಡಿಗೆ ಹೇಳಿ ಹೋಗಬೇಕು

ಬಲಗೈ ಮೇಲೆತ್ತಿದರೆಂದರೆ ಅದು ನೆಟ್ಟಗೆ ನಿಂತುಬಿಡುತ್ತಿತ್ತು. ತೋಳಿನ ಚರ್ಮ ಜೋತುಬಿದ್ದಿತ್ತು, ಬೆರಳ ಗೆಣ್ಣುಗಳು ಊದಿಕೊಂಡಿದ್ದವು, ಆದರೂ ಮೊಣಕೈ ಒಂದಿಷ್ಟೂ ಬಾಗುತ್ತಿರಲಿಲ್ಲ. ಸಂಜೆ ನಾನು ವಿಲ್ಲಿಂಗ್ಡನ್ ಐಲ್ಯಾಂಡಿನ ಬ್ಯಾಂಕಿನಿಂದ ಫೆರಿ ಹಿಡಿದು ಮಟ್ಟಾಂಚೇರಿಗೆ ಬಂದು ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡ ಕೂಡಲೇ, ಕಿಟಕಿಯಲ್ಲಿ ಕೂತ ಮನೆ ಒಡತಿ ಆ ಕೈ ಎತ್ತುತ್ತಿದ್ದರು. ಬೀಸುತ್ತಿರಲಿಲ್ಲ, ಸುಮ್ಮನೆ ಎತ್ತಿ ಹಿಡಿಯುತ್ತಿದ್ದರು. ನಾನೂ ಎತ್ತುವ ತನಕ ಇಳಿಸುತ್ತಿರಲಿಲ್ಲ. ಒಂದು ಕೈಯಲ್ಲಿ ತರಕಾರಿ ಚೀಲ, ಇನ್ನೊಂದರಲ್ಲಿ ಕೊಡೆ ಹಿಡಿದವಳಿಗೆ ಇದೆಂಥ ಕವಾಯತು ಎಂದು ಮೊದಮೊದಲು ಸಿಟ್ಟೇ ಬರುತ್ತಿತ್ತು.

ನಾನು ಧಾರವಾಡದವಳು, ಮದುವೆಯ ಗೋಜಿಗೆ ಹೋಗದವಳು, ಅವರ ಮಹಡಿಯ ಬಾಡಿಗೆದಾರಳು. ಅವರು ಕೊಚ್ಚಿಯ ಯಹೂದಿ. ಬಂಧುಬಳಗವೆಲ್ಲ ಇಸ್ರೇಲಿಗೆ ಹೋದಾಗ ಕಾಯಿಲೆಯ ತಂದೆಗಾಗಿ ಉಳಿದವರು, ತಂದೆ ತೀರಿಕೊಂಡ ಮೇಲೂ ಉಳಿದೇಬಿಟ್ಟರು. ಪ್ರವಾಸಿಗರು ಕಿಟಕಿಯಲ್ಲಿ ಇಣುಕಿ ಫೋಟೊ ತೆಗೆಯುತ್ತಿದ್ದರು. "ನಾನೇನು ಮ್ಯೂಸಿಯಮ್ಮಾ?" ಎಂದು ಮಲಯಾಳದಲ್ಲಿ ಬೈದು, ಆಮೇಲೆ ಕನ್ನಡಕ ಸರಿಮಾಡಿಕೊಂಡು ಪೋಸು ಕೊಡುತ್ತಿದ್ದರು. ನಾನು ಅವರನ್ನು ಆಂಟಿ ಎನ್ನುತ್ತಿದ್ದೆ. ಅವರಿಗೆ ನಾನು ಮೋಳೆ, ಅಂದರೆ ಮಗಳು.

ಆ ಕೈಯ ಕತೆ ಗೊತ್ತಾದದ್ದು ಒಂದು ಭಾನುವಾರ, ಅಪ್ಪಂ ತಿನ್ನುತ್ತ ಕೂತಿದ್ದಾಗ. ಹುಡುಗಿಯಾಗಿದ್ದಾಗ ಅವರು ಲಂಡನ್ನಿನ ಚಿಕ್ಕಮ್ಮನ ಮನೆಗೆ ಹೋಗಿದ್ದರಂತೆ. ಮಹಾಯುದ್ಧ ಮುಗಿದು ಕೆಲವು ವರ್ಷಗಳಾಗಿದ್ದವು. ಆ ಬೇಸಿಗೆಯಲ್ಲಿ ಚಿಕ್ಕಮ್ಮ ಅವರನ್ನು ಫ್ರಾನ್ಸಿಗೆ, ಯಹೂದಿ ಮಕ್ಕಳಿಗೆಂದು ಸರೋವರದ ದಡದಲ್ಲಿ ನಡೆಯುತ್ತಿದ್ದ ರಜಾ ಶಿಬಿರಕ್ಕೆ ಕಳಿಸಿದರು. ಡೇರೆ, ಹಾಡು, ಈಜು, ಜಾಮು ಸವರಿದ ಬ್ರೆಡ್ಡು. ಆದರೆ ಅಲ್ಲಿದ್ದ ಎಷ್ಟೋ ಮಕ್ಕಳಿಗೆ ರಜೆ ಮುಗಿದ ಮೇಲೆ ಹೋಗಲು ಮನೆಯೇ ಇರಲಿಲ್ಲ. ಸಾಲಾಗಿ ನಿಲ್ಲಿಸಿ ಎಣಿಸಿದರೆ ಬಿಳಿಚಿಕೊಳ್ಳುತ್ತಿದ್ದರಂತೆ. ಯುದ್ಧದ ಕಾಲದ ನಾಜಿ ಶಿಬಿರಗಳಲ್ಲಿ ಎಣಿಸುವವರನ್ನು ಆ ಮಕ್ಕಳು ನೋಡಿದ್ದರು. ಹಾಗಾಗಿ ಈಜುವಾಗ ಯಾರೂ ತಲೆ ಎಣಿಸುತ್ತಿರಲಿಲ್ಲ. ಇಬ್ಬಿಬ್ಬರನ್ನು ಜೋಡಿ ಮಾಡಿದ್ದರು. ಪೀಪಿ ಊದಿದರೆ ಜೋಡಿಯ ಕೈ ಹಿಡಿದು ಮೇಲೆತ್ತಬೇಕು. ದಡಕ್ಕೆ ಹೋಗುವವಳು ಜೋಡಿಗೆ ಹೇಳಿ ಹೋಗಬೇಕು.

ಆಂಟಿಯ ಜೋಡಿ ಪೋಲೆಂಡಿನ ಹುಡುಗಿ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. "ಎಲ್ಲರನ್ನೂ ನೋಡ್ಕೊಳ್ಳೋದು ಯಾರ ಕೈಲಾಗುತ್ತೆ ಮೋಳೆ? ಒಬ್ಬಳು ಇದ್ದಾಳಾ ಅಂತ ನೋಡಿದರೆ ಸಾಕಿತ್ತು," ಎಂದರು. ರಜೆ ಮುಗಿದ ಬೆಳಿಗ್ಗೆ ಎದ್ದು ನೋಡಿದರೆ ಆ ಹುಡುಗಿ ಇದ್ದ ಲಾರಿ ಹೊರಟುಹೋಗಿತ್ತು. ಮುಂದೆ ಅವಳ ಸುದ್ದಿಯೇ ಇಲ್ಲ. "ಹೇಳಿ ಹೋಗಬೇಕಿತ್ತು," ಎಂದರು, ನಿನ್ನೆ ನಡೆದದ್ದೆಂಬಂತೆ ಮುನಿಸಿಕೊಂಡು.

ನನಗೆ ತಿರುವನಂತಪುರಕ್ಕೆ ವರ್ಗವಾಯಿತು. ಆಂಟಿ ಅಳಲಿಲ್ಲ. "ಅಲ್ಲಿಂದ ನಿನ್ನ ಕೈ ಕಾಣಲ್ಲ. ಫೋನೇ ಕೈ ಅಂದುಕೋ," ಎಂದರು. ದೀಪ ಹಚ್ಚುವ ಹೊತ್ತಿಗೆ ಅವರದೊಂದು ಮಿಸ್ಡ್ ಕಾಲ್, ತಿರುಗಿ ನನ್ನದೊಂದು. ಶುಕ್ರವಾರ ಮಾತ್ರ ಸೂರ್ಯ ಮುಳುಗುವ ಮೊದಲೇ. ಮುಳುಗಿದ ಮೇಲೆ ಅವರ ಶಬ್ಬಾತ್, ಅಂದರೆ ವಾರದ ವಿಶ್ರಾಂತಿಯ ದಿನ, ಶುರು. ಶನಿವಾರ ನಕ್ಷತ್ರ ಮೂಡುವ ತನಕ ಅವರು ಫೋನು ಮುಟ್ಟುತ್ತಿರಲಿಲ್ಲ.

ಚಾಲೈ ಪೇಟೆಯ ಹಿಂದೆ, ಹಗ್ಗದ ಅಂಗಡಿಯ ಮೇಲೆ ನನಗೊಂದು ಮನೆ ಸಿಕ್ಕಿತು. ಆಫೀಸಿನಲ್ಲಿ ಮಲಯಾಳ, ಇಂಗ್ಲಿಷು. ಕನ್ನಡವೇನಿದ್ದರೂ ಅವ್ವನ ಫೋನಿನಲ್ಲಿ.

"ಒಬ್ಬಾಕೀನ ಹೆಂಗ ಇರ್ತೀಯವಾ ಅಲ್ಲೆ?"

"ನಂಗೂ ಒಂದ್ ಜೋಡಿ ಐತಿ ಬಿಡವ್ವಾ."

ಅವ್ವ ಗಾಬರಿಯಾಗಿ, "ಯಾರಂವಾ?" ಎಂದಳು. ನಗು ಬಂತು. ಫೋನಿಟ್ಟ ಮೇಲೆ ಮನೆ ಮತ್ತೆ ಮೌನವಾಯಿತು. ಎಷ್ಟೋ ದಿನ ಆಂಟಿಯ ಆ ಒಂದು ರಿಂಗ್ ಬಿಟ್ಟರೆ ನಾನು ಇದ್ದೇನೋ ಇಲ್ಲವೋ ಎಂದು ಕೇಳುವವರೇ ಇರಲಿಲ್ಲ.

ಒಮ್ಮೆ ರಜೆಯಲ್ಲಿದ್ದಾಗ ಜ್ವರ ನೆತ್ತಿಗೇರಿ ಅಡುಗೆಮನೆಯಲ್ಲೇ ಬಿದ್ದುಬಿಟ್ಟೆ. ನನ್ನ ಉತ್ತರ ಬರದಿದ್ದಾಗ ಆಂಟಿ ನಾನು ಕೊಟ್ಟಿದ್ದ ನಂಬರು ಹುಡುಕಿ ಹಗ್ಗದ ಅಂಗಡಿಗೆ ಫೋನು ಮಾಡಿ, "ಹುಡುಗಿ ನೀರಲ್ಲಿದ್ದಾಳೆ, ಬೇಗ ಹೋಗು!" ಎಂದು ಕಿರುಚಿದರಂತೆ. ಪಾಪ, ಅಂಗಡಿಯವನು ಹೆಗಲ ಮೇಲೆ ಹಗ್ಗದ ಸುರುಳಿ ಹೊತ್ತುಕೊಂಡೇ ಮಹಡಿ ಹತ್ತಿ ಬಾಗಿಲು ಒಡೆದ. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಅವನು ಹೇಳಿದ್ದು ಇಷ್ಟೇ: "ಚೇಚಿ, ಮೊದಲು ಆ ಅಮ್ಮನಿಗೆ ಒಂದು ಮಿಸ್ಡ್ ಕಾಲ್ ಕೊಡಿ. ನನ್ನ ಪ್ರಾಣ ತಿಂತಿದ್ದಾರೆ."

ಹೋದ ವರ್ಷದ ಒಂದು ಶುಕ್ರವಾರ ಸೂರ್ಯ ಮುಳುಗುವ ಮೊದಲು ಅವರ ರಿಂಗ್ ಬಂತು. ಶನಿವಾರ ನಕ್ಷತ್ರ ಮೂಡಿದವು. ಫೋನು ಸುಮ್ಮನಿತ್ತು. ನಾನೇ ಮಾಡಿದೆ, ಎತ್ತಲಿಲ್ಲ. ಪಕ್ಕದ ಮನೆಯವರಿಗೆ ಫೋನು ಮಾಡಿ ಬಾಗಿಲು ತೆಗೆಸಿದೆ. ಕಿಟಕಿಯ ಕುರ್ಚಿಯಲ್ಲೇ ಇದ್ದರಂತೆ, ಮಧ್ಯಾಹ್ನವೇ ಜೀವ ಹೋಗಿತ್ತಂತೆ.

ಸಿಕ್ಕ ರೈಲು ಹತ್ತಿ ಹೋದೆ. ಪ್ರಾರ್ಥನೆ ಹೇಳುವವರನ್ನು ಅಲ್ಲಿ ಇಲ್ಲಿ ಹುಡುಕಿ ಕರೆಸಬೇಕಾಯಿತು. ಮಣ್ಣು ಹಾಕುವಾಗ ನನಗೇ ಗೊತ್ತಿಲ್ಲದೆ ನನ್ನ ಕೈ ಮೇಲೆದ್ದಿತ್ತು. ಪಕ್ಕದವರು ಏನೋ ಕೇಳಬೇಕೆಂದಿದ್ದಾಳೆ ಎಂದುಕೊಂಡು ನನ್ನತ್ತ ತಿರುಗಿದರು.

ಅವರು ಹೋದದ್ದು ಶಬ್ಬಾತಿನ ದಿನ, ಫೋನು ಮುಟ್ಟುವಂತಿರಲಿಲ್ಲ ಎನ್ನುವುದು ನನಗೂ ಗೊತ್ತು. ಆದರೂ ದೀಪ ಹಚ್ಚುವ ಹೊತ್ತಿಗೆ ಫೋನನ್ನು ಅಂಗೈಯಲ್ಲಿಟ್ಟುಕೊಂಡು ಅವರೊಂದಿಗೆ ಜಗಳ ತೆಗೆಯುತ್ತೇನೆ. ಹೇಳಿ ಹೋಗಬೇಕಿತ್ತು, ಆಂಟಿ.