ಕೀಪರ್ ಕೈಗೆ ಹಸಿರು ಬಳಿ

ನನ್ನ ಎಡಗೈಯಾಗಿನ ಕಿರುಬೆರಳು, ಅದರ ಮಗ್ಗಲಿನ ಬೆರಳು ಎರಡೂ ಪೂರ್ತಿ ಮಡಚಂಗಿಲ್ಲ. ಯಾರರ ಕೇಳಿದ್ರ ಮೊದಲ ‘ಆಟದಾಗ ಆತ್ರಿ’ ಅಂತಿದ್ದೆ. ಈಗ ಹಂಗ ಅನ್ನಂಗಿಲ್ಲ. ಆಟಕ್ಕ ಯಾಕ ಸುಮ್ಕ ಕೆಟ್ಟ ಹೆಸರು? ‘ಸನ್ಮಾನದಾಗ ಆತ್ರಿ’ ಅಂತೇನಿ. ಕೇಳಿದವ್ರು ನಗತಾರ. ನಗೂ ಮಾತಲ್ಲ ಇದು, ಹೇಳ್ತೇನಿ ಕೇಳ್ರಿ.

ನಾನು ಫುಟ್‌ಬಾಲ್ ಗೋಲ್‌ಕೀಪರ್ ಆಗಿದ್ದೆ. ಮನಿ ಉಣಕಲ್‌ದಾಗ, ಕಾಲೇಜು ಧಾರವಾಡದಾಗ. ಅಪ್ಪಂದು ಮಾರ್ಕೆಟ್‌ನ್ಯಾಗ ಹತ್ತಿ, ಕಾಳಿನ ವ್ಯಾಪಾರ. ನಮ್ಮ ಮನ್ಯಾಗ ಫುಟ್‌ಬಾಲ್ ಅಂದ್ರ ಟಿವ್ಯಾಗ ಬಂದ್ರ ಚಾನೆಲ್ ಬದಲಿ ಮಾಡೂ ಆಟ. ಕಾಲೇಜಿನ್ಯಾಗ ಹುಡುಗ್ಯಾರ ಟೀಮ್ ಕಟ್ಟಿದಾಗ ಗೋಲಿನ್ಯಾಗ ನಿಂದ್ರಾಕ ಯಾರೂ ಒಪ್ಪಲಿಲ್ಲ. ಎಲ್ಲಾರಿಗೂ ಓಡಬೇಕು, ಗೋಲ್ ಹೊಡೀಬೇಕು, ಫೋಟೋದಾಗ ಬರಬೇಕು. ನಾ ಎಲ್ಲಾರಕಿಂತ ಉದ್ದ ಇದ್ದೆ, ದೂಡಿ ನಿಲ್ಲಿಸಿದ್ರು. ನಿಂತ ಮ್ಯಾಲೆ ಆ ಜಾಗಾ ನಂದ ಅನ್ನಿಸಿತು. ಸಪ್ತಾಪುರದ ಮೈದಾನದ ಕೆಂಪು ಗರಸಿನ್ಯಾಗ ಜಿಗದು ಜಿಗದು ಟೊಂಕದ ಚರ್ಮ ಕಿತ್ತು ಬರ್ತಿತ್ತು. ಅವ್ವ ಅರಿಷಿಣ ಹಚ್ಚಿ ಬೈತಿದ್ಲು. ಗಂಡುಬೀರಿ, ನಾಳೆ ನೋಡಾಕ ಬಂದವ್ರಿಗೆ ಈ ಗಾಯಾ ತೋರಸ್ತಿ ಏನು ಅಂತ ಕೇಳ್ತಿದ್ಲು. ನಾ ಮರುದಿನ ಮತ್ತ ಹೋಗ್ತಿದ್ದೆ.

ನಮ್ಮ ಕೋಚ್ ಸರ್ ಒಂದು ಸಾಲ್ಯಾಗ ಪಿ.ಟಿ. ಮಾಸ್ತರು. ಅವರಿಗೆ ಒಂದು ಹುಚ್ಚು ಇತ್ತು. ವೇಲ್ಸ್ ಅಂತ ಇಂಗ್ಲಂಡ್ ಮಗ್ಗಲಿಗೆ ಒಂದು ಸಣ್ಣ ದೇಶ ಐತಿ, ಅಲ್ಲಿಯ ಒಬ್ಬ ಕೀಪರ್‌ನ ವಿಡಿಯೋ ಫೋನಿನ್ಯಾಗ ಹಚ್ಚಿ ಹಚ್ಚಿ ನಮಗ ತೋರಸ್ತಿದ್ರು. ಕ್ಲಬ್ಬಿಂದ ಕ್ಲಬ್ಬಿಗೆ ಅಡ್ಡಾಡಿ, ಎಲ್ಲಾ ಕಡೆ ಎರಡನೇ ಕೀಪರ್ ಆಗಿ ಬೆಂಚ್ ಮ್ಯಾಲೆ ಕುಂತು, ಕಡೀಕೆ ದೇಶದ ಅಂಗಿ ಹಾಕ್ಕೊಂಡ ಮನಷ್ಯಾ ಅಂತ. ಕಾಲು ನೋಡಬ್ಯಾಡವಾ, ಆ ಕೈ ನೋಡು ಅಂತಿದ್ರು. ಕೀಪರ್‌ಗೆ ಕೈಯ ಆಸ್ತಿ, ಅಡಗಿಮನ್ಯಾಗ ಕಾಯಿಪಲ್ಲೆ ಹೆಚ್ಚೂ ಮುಂದ ಸೈತ ಹುಷಾರಿರಬೇಕು ಅಂತ ಹೇಳಿದ್ದು ಇದ ಸರ್. ಇದನ್ನ ನೆನಪಿಟ್ಟುಗೊಳ್ರಿ.

ಹುಬ್ಬಳ್ಳ್ಯಾಗ ಹೆಣ್ಣುಮಕ್ಕಳ ಟೂರ್ನಮೆಂಟ್ ನಡೀತು. ನಾವು ಫೈನಲ್‌ಗೆ ಬಂದ್ವಿ. ಗೋವಾದ ಒಂದು ಕ್ಲಬ್ಬಿನ ಕೋಚ್ ಮೇಡಂ ಕೀಪರ್ ಹುಡುಕ್ಕೊಂತ ಬಂದಿದ್ರು. ಸೆಮಿಫೈನಲ್ ನೋಡಿ, ಫೈನಲ್ ದಿವಸ ಮುಂಜಾನೆ ಸರ್‌ನ ಕರದು ಮಾತಾಡಿದ್ರು. ಈ ಹುಡುಗಿ ಇವತ್ತೂ ಪೂರಾ ಮ್ಯಾಚ್ ಹಿಂಗ ಆಡಿದ್ರ ಸಂಜಿಗೇ ಕ್ಲಬ್ಬಿಗೆ ತಗೊಂತೇನಿ, ಪಗಾರ, ಹಾಸ್ಟೆಲ್ ಎಲ್ಲಾ ಕ್ಲಬ್ಬಿಂದು ಅಂದ್ರಂತ. ಸರ್ ಬಂದು ನನಗ ಹೇಳಿದಾಗ ಇನ್ನೊಮ್ಮೆ ಹೇಳ್ರಿ ಅಂದೆ. ಆಟ ಆಡಿ ಪಗಾರ ತಗೊಳ್ಳೂ ಹೆಣ್ಣುಮಗಳನ್ನ ನಾ ಅಲ್ಲೀತನಕ ಕಣ್ಣಿಲೆ ನೋಡಿದ್ದಿಲ್ಲ. ಆವತ್ತ ಅವ್ವ ಮೊದಲನೇ ಸಲ ನನ್ನ ಮ್ಯಾಚ್ ನೋಡಾಕ ಬಂದಿದ್ಲು, ಓಣಿ ಹೆಣ್ಣುಮಕ್ಕಳನ್ನ ಕರಕೊಂಡು, ಬುಟ್ಟ್ಯಾಗ ತಿನ್ನಾಕ ಚೂಡಾ ಕಟಗೊಂಡು.

ಮೊದಲನೇ ಅರ್ಧ ಮಸ್ತ್ ಹೋತು. ಯಾವ ಬಾಲೂ ನನ್ನ ದಾಟಲಿಲ್ಲ. ಗೋವಾ ಮೇಡಂ ಗೆರಿ ಮಗ್ಗಲಕ ಕೈ ಕಟ್ಟಿ ನಿಂತು ನನ್ನ ಒಬ್ಬಾಕಿನ್ನ ನೋಡಾಕತ್ತಿದ್ರು. ಮಧ್ಯಂತರ ಆತು. ಮೈಕಿನ್ಯಾಗ ನನ್ನ ಹೆಸರು ಕೂಗಿದ್ರು. ಸನ್ಮಾನ ಅಂತ!

ನಮ್ಮ ಕಡೆ ಸನ್ಮಾನದ ಚಟಾ ನಿಮಗ ಗೊತ್ತೈತಲ್ಲ. ಯಾರರ ಎರಡು ಹೆಜ್ಜಿ ನೆಟ್ಟಗ ಇಟ್ರ ಸಾಕು, ಹಿಡದು ಕುರ್ಚಿ ಮ್ಯಾಲೆ ಕುಂದ್ರಿಸಿ ಶಾಲು ಹೊಚ್ಚತಾರ. ಗಂಡಸರ ಮ್ಯಾಚ್ ಆಗಿದ್ರ ಶಾಲು, ಪೇಟಾ, ಹಣ್ಣಿನ ಬುಟ್ಟಿ ಕೊಟ್ಟು ಬಿಡ್ತಿದ್ರು. ಇದು ಹೆಣ್ಣುಮಕ್ಕಳ ಮ್ಯಾಚ್, ಉಡಿ ತುಂಬೂಣು ಅಂತ ಕಮಿಟಿ ಅಧ್ಯಕ್ಷರ ಹೆಂಡ್ತಿಗೆ ಹೊಳೀತಂತ. ಚಡ್ಡಿ ಹಾಕ್ಕೊಂಡು ಬೆವರಿನ್ಯಾಗ ತೊಯ್ದ ಹುಡುಗಿ ತೊಡಿ ಮ್ಯಾಲೆ ಸೀರಿ ಹಾಸಿದ್ರು. ಅದರಾಗ ಅಕ್ಕಿ, ತೆಂಗಿನಕಾಯಿ, ಕುಬಸದ ಕಣ ಇಟ್ರು. ಹಣಿಗೆ ಕುಂಕುಮ ಹಚ್ಚಿದ್ರು. ಗ್ಲೌಸ್ ತಗಿಯವಾ ಅಂದ್ರು, ತಗದೆ. ಆರತಿ ಮಾಡ್ತಾರ ಅಂತ ತಿಳಕೊಂಡಿದ್ದೆ. ಅಧ್ಯಕ್ಷರ ಹೆಂಡ್ತಿ ನನ್ನ ಕೈ ಹಿಡದು ಹಸಿರು ಗಾಜಿನ ಬಳಿ ಏರ್ಸಾಕ ಶುರು ಮಾಡಿದ್ರು. ನನ್ನ ಕೈ ಅಗಲ, ಬಳಿ ಸಣ್ಣವು. ನೀರು ಹಚ್ಚಿ, ಬೆರಳು ಹಿಚಕಿ ಹಿಚಕಿ ಎರಡೂ ಕೈ ತುಂಬ ತೊಡಿಸಿದ್ರು. ಹೆಣ್ಣುಮಕ್ಕಳೆಲ್ಲಾ ಚಪ್ಪಾಳಿ ತಟ್ಟಿದ್ರು. ಅವ್ವನ ಕಣ್ಣಾಗ ನೀರು. ನನ್ನ ಮೈ ಉರ್ಯಾಕತ್ತಿತ್ತು, ಆದ್ರ ಆಟ ಶುರುವಾಗೂಕಿಂತ ಮೊದಲ ತಗದ ಒಗದ್ರಾತು ಅಂತ ಹಲ್ಲು ಕಚ್ಚಿ ಕುಂತಿದ್ದೆ.

ಪೆಂಡಾಲ್ ಹಿಂದ ಹೋಗಿ ಬಳಿ ಎಳ್ಯಾಕತ್ತಿದೆ. ಅವ್ವ ಓಡಿ ಬಂದು ಕೈ ಹಿಡಕೊಂಡ್ಲು.

“ತುಂಬಿದ ಉಡಿ ಇನ್ನೂ ಹಂಗ ಐತಿ, ಆಗ್ಲೇ ಬಳಿ ತಗೀತಿ? ಅಪಶಕುನ ಆಕ್ಕೈತಿ, ಸುಮ್ಕಿರು.”

ನಾ ಸರ್ ಮಾರಿ ನೋಡಿದೆ. ಕಾಯಿಪಲ್ಲೆ ಹೆಚ್ಚೂ ಮುಂದ ಹುಷಾರಿರು ಅಂದ ಸರ್ ಬಾಯಿ ತಗದು, ಅಧ್ಯಕ್ಷರ ಕಡೆ ನೋಡಿ, ಮುಚ್ಚಿಕೊಂಡ್ರು. ರೆಫ್ರಿ ಹತ್ರ ಹೋಗಿ ಕೈ ಎತ್ತಿ ತೋರಿಸಿದೆ. ಆಟದಾಗ ಮೈಮ್ಯಾಲೆ ಒಂದು ಉಂಗುರ ಇದ್ರೂ ಹೊರಗ ಕಳಸೂ ಮನಷ್ಯಾ ಅಂವ. ದೊಡ್ಡವ್ರು ತೊಡಿಸ್ಯಾರ, ಇರ್ಲಿ ಬಿಡವಾ, ಮ್ಯಾಲೆ ಗ್ಲೌಸ್ ಬರ್ತೈತಲ್ಲ ಅಂತ ಹೇಳಿ ಶಿಟಿ ಊದಿದ. ಗ್ಲೌಸಿನ ಪಟ್ಟಿ ಬಳಿ ಮ್ಯಾಲೆ ಬಿಗದು ನಾ ಗೋಲಿಗೆ ಹೋಗಿ ನಿಂತೆ.

ಭಾಳ ಹೊತ್ತು ಆಗಿದ್ದಿಲ್ಲ. ಎಡಗಡೆ ಕೆಳಗ ಒಂದು ಬಾಲ್ ಬಂತು. ಜಿಗದೆ, ಬಾಲ್ ಹೊರಗ ತಳ್ಳಿದೆ, ಮಣಿಕಟ್ಟು ಊರಿ ಬಿದ್ದೆ. ಪಟ್ಟಿ ಒಳಗ ಕರಕರ ಅಂದಂಗ ಆತು. ಮೊದಲ ನೋವ ಆಗಲಿಲ್ಲ. ಬಿಳಿ ಗ್ಲೌಸ್ ಕೆಂಪಗಾತು, ಬೆರಳು ಮಡಚಾಕ ಹೋದ್ರ ಮಡಚಲಿಲ್ಲ. ಗೆರಿ ಮಗ್ಗಲಿನಿಂದ ಯಾರೋ ಹೆಣ್ಣುಮಗಳು, ಅಯ್ಯ, ಬಳಿ ಹೆಚ್ಚಿದ್ವು ನೋಡ್ರಿ ಅಂದ್ಲು. ಬಳಿ ಒಡದ್ರ ಒಡದ್ವು ಅನ್ನಬಾರದಲ್ಲ, ಹೆಚ್ಚಿದ್ವು ಅನ್ನಬೇಕು. ನನ್ನ ನರಾ ಹರದಿತ್ತು, ಆಕಿಗೆ ಶಾಸ್ತ್ರದ ಚಿಂತಿ. ಆ ಮಾತು ನೆನಪಾದಾಗೆಲ್ಲಾ ಇವತ್ತಿಗೂ ನನ್ನ ಸಿಟ್ಟು ನೆತ್ತಿಗೇರತೈತಿ.

ಆಪರೇಷನ್ ಆತು. ಗೋವಾ ಮೇಡಂ ಆವತ್ತ ಹೊರಟು ಹೋದ್ರು. ಅವರದೇನು ತಪ್ಪು, ಅವರಿಗೆ ಕೀಪರ್ ಬೇಕಾಗಿತ್ತು. ಅಧ್ಯಕ್ಷರ ಹೆಂಡ್ತಿ ದವಾಖಾನಿಗೆ ಸೇಬುಹಣ್ಣು ತಗೊಂಡು ಬಂದು, ನಿಮ್ಮ ಹುಡುಗಿಗೆ ಯಾರದೋ ಕಣ್ಣು ಬಿದ್ದು ನಜರ್ ಆಗೇತ್ರಿ ಅಂತ ಅವ್ವಗ ಹೇಳಿ ಹೋದ್ರು. ಅವ್ವ ಹಣೇಬರಹ ಅಂದ್ಲು. ಸರ್ ಬ್ಯಾಡ್ ಲಕ್ ಅಂದ್ರು. ನಜರ್ ಅಂತ, ಹಣೇಬರಹ ಅಂತ, ಲಕ್ ಅಂತ! ಗಾಜು ನನ್ನ ಹಣ್ಯಾಗ ಇರಲಿಲ್ಲ, ಕೈಯಾಗ ಇತ್ತು. ತೊಡಿಸಿದವ್ರು ಇದ್ರು, ತಗೀಬ್ಯಾಡ ಅಂದವ್ರು ಇದ್ರು, ನೋಡಿ ಸುಮ್ಕ ನಿಂತವ್ರು ಇದ್ರು. ತಪ್ಪಾತು ಅಂದವ್ರು ಮಾತ್ರ ಒಬ್ರೂ ಇರಲಿಲ್ಲ.

ಆಮ್ಯಾಲೆ ಬೆಂಗಳೂರಿನ ಒಂದು ಕ್ಲಬ್ಬಿನವ್ರು ಮೂರನೇ ಕೀಪರ್ ಅಂತ ತಗೊಂಡ್ರು. ಮೂರನೇ ಕೀಪರ್ ಅಂದ್ರ ಉಳಿದಿಬ್ಬರಿಗೆ ಬಾಲ್ ಒಗಿಯೂ ಆಳು. ಪ್ರ್ಯಾಕ್ಟೀಸಿನ್ಯಾಗ ಹಿಡದ ಬಾಲ್ ಎಡಗೈ ಕಡೆಯಿಂದ ಜಾರಿ ಹೋಗ್ತಿತ್ತು. ಮ್ಯಾಚಿನ್ಯಾಗ ಒಂದ ಸಲಾನೂ ಇಳಿಸಲಿಲ್ಲ. ಸರ್ ಆಗಾಗ ಫೋನ್ ಮಾಡಿ ಆ ವೇಲ್ಸ್ ಕೀಪರ್‌ನ ಕಥಿ ತಗೀತಿದ್ರು. ಅಂವಾ ಎಷ್ಟು ವರ್ಷ ಬೆಂಚ್ ಮ್ಯಾಲೆ ಕುಂತಿದ್ದ ನೋಡು, ಧೈರ್ಯ ಬಿಡಬ್ಯಾಡವಾ ಅಂತ. ಒಂದ ದಿವಸ ನನಗ ತಡ್ಯಾಕ ಆಗಲಿಲ್ಲ.

“ಸರ್, ಅವನ ಕೈಗೆ ಯಾರೂ ಬಳಿ ತೊಡಿಸಿದ್ದಿಲ್ರಿ.”

ಆಮ್ಯಾಲೆ ಅವ್ರು ಆ ಕಥಿ ತಗೀಲಿಲ್ಲ. ನಾನೂ ಆ ಸೀಸನ್ ಮುಗಿಸಿ ಗಂಟು ಕಟಗೊಂಡು ಉಣಕಲ್ಲಿಗೆ ಬಂದೆ.

ಈಗ ಒಂದು ಸಾಲ್ಯಾಗ ಆಟದ ಟೀಚರ್ ಅದೇನಿ. ಮುಂಜಾನೆ ಸಪ್ತಾಪುರದಾಗ ಕೀಪರ್ ಹುಡುಗ್ಯಾರಿಗೆ ಕಲಸ್ತೇನಿ. ಮೊನ್ನೆ ಧಾರವಾಡದಾಗ ಒಂದು ಟೂರ್ನಮೆಂಟಿಗೆ ನನ್ನ ಅತಿಥಿ ಅಂತ ಕರದ್ರು. ಅವ್ವ ನಾನೂ ಬರ್ತೇನಿ ಅಂತ ಗಾಡಿ ಹಿಂದ ಕುಂತ್ಲು. ಮಧ್ಯಂತರದಾಗ ಯಾರೂ ಹೇಳದ ಕೇಳದ ಒಂದು ತಾಟು ಬಂತು. ಅಕ್ಕಿ, ಕುಬಸದ ಕಣ, ತೆಂಗಿನಕಾಯಿ, ಹಸಿರು ಬಳಿ. ಕೀಪರ್ ಹುಡುಗಿ ನನಗ ಗುರ್ತಿಲ್ಲದಾಕಿ, ಛಲೋ ಆಡಾಕತ್ತಿದ್ಲು. ಅತಿಥಿ ಕೈಯಿಂದನ ತೊಡಿಸಬೇಕು ಅಂತ ತಾಟು ನನ್ನ ಕೈಗೆ ಕೊಡಾಕ ಬಂದ್ರು. ಆ ಹುಡುಗಿ ಆಗ್ಲೇ ಗ್ಲೌಸ್ ಕಳದು ಕೈ ಚಾಚಿದ್ಲು. ತಾಟು ಎತ್ತಿ ಒಗಿಬೇಕು, ಇಷ್ಟು ವರ್ಷದ್ದು ಎಲ್ಲಾ ಮೈಕಿನ್ಯಾಗ ಒದರಬೇಕು ಅಂತ ಎದ್ದು ನಿಂತೆ.

ಅಷ್ಟರಾಗ ಹಿಂದಿನ ಸಾಲಿನಿಂದ ಅವ್ವ ಎದ್ದು ಬಂದ್ಲು. ತಾಟಿನ ಮ್ಯಾಲೆ ಕಣ ಮುಚ್ಚಿದ್ಲು.

“ಮ್ಯಾಚ್ ಮುಗೀಲ್ರಿ, ಆಮ್ಯಾಲೆ ತೊಡಸೂಣು. ಈಗ ಆಕಿಗೆ ಕೈ ಬೇಕು.”

ಹೌದ್ರಿ ಅಮ್ಮಾರ, ಅದೂ ಖರೇನ ಅಂದ್ರು ಎಲ್ಲಾರೂ. ಒಬ್ರಿಗೂ ಸಿಟ್ಟು ಬರಲಿಲ್ಲ, ಒಬ್ರ ಮಾನಾನೂ ಹೋಗಲಿಲ್ಲ. ತಾಟು ಕುರ್ಚಿ ಕೆಳಗ ಇಟ್ರು. ಹುಡುಗಿ ಗ್ಲೌಸ್ ಹಾಕ್ಕೊಂಡು ಗೋಲಿಗೆ ಓಡಿದ್ಲು. ಇಷ್ಟ ಇತ್ತು. ಇಷ್ಟ ಮಾತು ಸಾಕಾಗಿತ್ತು. ನಾ ಎದ್ದು ನಿಂತಾಕಿ ಹಂಗ ನಿಂತಿದ್ದೆ, ಒದರಾಕ ಏನೂ ಉಳಿದಿರಲಿಲ್ಲ.

ವಾಪಸ್ ಬರೂ ಮುಂದ ಉಣಕಲ್ ಕೆರಿ ದಂಡ್ಯಾಗ ಗಾಡಿ ನಿಲ್ಲಿಸಿದೆ. ಮಂದಿ ಮಗಳಿಗೆ ಅಂದಿಯಲ್ಲ, ನನಗ ಯಾಕಬೇ ಅನ್ನಲಿಲ್ಲ ಅಂತ ಕೇಳಿದೆ. ಅವ್ವ ಕೆರಿ ಕಡೆ ಮಾರಿ ಮಾಡಿ ಅಂದ್ಲು.

“ಅಷ್ಟು ಮಂದ್ಯಾಗ ನಿನಗ ಸನ್ಮಾನ ಆತಲ್ಲ, ಇನ್ನೇನು ಬೇಕು ಅಂದ್ಕೊಂಡೆ. ಆಟ ಇನ್ನೂ ಬಾಕಿ ಐತಿ ಅಂತ ನನಗ ಹೊಳೀಲೇ ಇಲ್ಲವಾ.”

ಅವ್ವ ಸುಳ್ಳು ಹೇಳಿದ್ರ ಛಲೋ ಇತ್ತು. ಗಾಡಿ ಚಾಲೂ ಮಾಡಿದೆ. ಅವ್ವ ಹಿಂದ ಕುಂತು ನನ್ನ ಹೆಗಲ ಮ್ಯಾಲೆ ಕೈ ಇಟ್ಲು, ಕೈಯಾಗಿನ ಬಳಿ ಕಿವಿ ಮಗ್ಗಲಕ ಸಪ್ಪಳ ಮಾಡಿದ್ವು. ಗಾಡಿ ಹಿಡಕೊ, ನನ್ನ ಹಿಡೀಬ್ಯಾಡ ಅಂದೆ. ಕೈ ತಗದ್ಲು.